ಗ್ರೀಕ್ ವಂಶಾವಳಿಯ ಹೀಬ್ರೂ ಹೆಸರುಗಳು: 'ಅವ್ಯಯ' ಎನ್ನಬಹುದೇ?

ಗೆಳೆಯರೇ,

ಬೈಬಲ್‌ನ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯವನ್ನು, ಅಂದರೆ ಯೇಸುವಿನ ವಂಶಾವಳಿಯನ್ನು, ಗ್ರೀಕ್‌ನಲ್ಲಿ ಓದುತ್ತಾ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ವಾರದಿಂದ ಕೆಲಸ ನಿಂತಿದೆ.

ಎರಡನೇ ವಚನ ನೋಡಿ. 'ಅಬ್ರಾಆಮ್ ಎಗೆನ್ನೇಸೆನ್ ತೊನ್ ಇಸಾಆಕ್', ಅಂದರೆ ಅಬ್ರಹಾಮನು ಇಸಾಕನನ್ನು ಪಡೆದನು. ಮುಂದೆ 'ಇಸಾಆಕ್ ದೆ ಎಗೆನ್ನೇಸೆನ್ ತೊನ್ ಇಯಾಕೋಬ್'. ಇಸಾಆಕ್ ಮೊದಲು ಕರ್ಮ, ಆಮೇಲೆ ಕರ್ತೃ. ಆದರೂ ಹೆಸರು ಒಂದಿಷ್ಟೂ ಬದಲಾಗಿಲ್ಲ. ನಮ್ಮ '-ಅನ್ನು' ಮಾಡುವ ಕೆಲಸವನ್ನು ಅಲ್ಲಿ ಹೆಸರಿಗಿಂತ ಮುಂಚೆ ಬರುವ 'ತೊನ್' ಮಾಡುತ್ತದೆ. ಅದೇ ವಚನದ ಕೊನೆಯಲ್ಲಿ ಯೂದ ಬರುತ್ತಾನೆ. ಅವನು ಮಾತ್ರ 'ತೊನ್ ಇಯೂದಾನ್', ಮುಂದಿನ ವಚನದಲ್ಲಿ 'ಇಯೂದಾಸ್'. ಒಂದೇ ಮನೆತನ, ಆದರೆ ಮಗನ ಹೆಸರು ಗ್ರೀಕ್ ವಿಭಕ್ತಿ ಹಿಡಿಯಿತು, ಅಪ್ಪ, ಅಜ್ಜನ ಹೆಸರು ಹಿಡಿಯಲಿಲ್ಲ!

ಗ್ರೀಕ್‌ಗೆ ಆಗದ ಕೆಲಸವೇನೂ ಅಲ್ಲ ಇದು. ಅದೇ ಮೊದಲನೇ ಶತಮಾನದ ಯೆಹೂದಿ ಲೇಖಕ ಜೋಸೆಫಸ್ ಗ್ರೀಕ್‌ನಲ್ಲಿ ಇತಿಹಾಸ ಬರೆಯುವಾಗ 'ಅಬ್ರಾಮೊಸ್', 'ಇಸಾಕೊಸ್' ಎಂದು ಬಾಲ ಸೇರಿಸಿಯೇ ಬರೆದ. ಸುವಾರ್ತೆಯಲ್ಲೂ ಹಳೆಯ ಯಾಕೋಬ 'ಇಯಾಕೋಬ್', ಜೆಬೆದಾಯನ ಮಗ ಯಾಕೋಬ 'ಇಯಾಕೋಬೊಸ್'. ಇಂಗ್ಲಿಷ್‌ನಲ್ಲಿ ಇವರು ಜೇಕಬ್, ಜೇಮ್ಸ್ ಆಗಿ ಬೇರೆಬೇರೆ ಹೆಸರಿನವರೇ ಆಗಿಬಿಟ್ಟರು. ಕನ್ನಡ ಬೈಬಲ್‌ನಲ್ಲಿ ಇಬ್ಬರೂ ಯಾಕೋಬರೇ. ನನಗೆ ಇದು ತುಂಬಾ ಇಷ್ಟ.

'ಯೇಸು'ವಿನಲ್ಲೂ ಹೀಗೇ. ಹೀಬ್ರೂವಿನ 'ಯೇಶೂಅ' ಗ್ರೀಕ್‌ಗೆ ಹೋದಾಗ 'ಶ' ಇಲ್ಲದ ಕಾರಣ 'ಸ' ಆಯಿತು, ಕೊನೆಯ 'ಅ' ಬಿದ್ದುಹೋಯಿತು, ಪ್ರಥಮಾ ವಿಭಕ್ತಿಯ 'ಸ್' ಸೇರಿ 'ಇಯೇಸೂಸ್' ಆಯಿತು. ಆ 'ಸ್' ನಮ್ಮಲ್ಲಿ ಇಲ್ಲ. ನಾವು ನಮ್ಮದೇ ವಿಭಕ್ತಿ ಹಚ್ಚಿ 'ಯೇಸುವನ್ನು', 'ಯೇಸುವಿಗೆ' ಎನ್ನುತ್ತೇವೆ.

ಈಗ ನನ್ನ ಪ್ರಶ್ನೆ. 'ಅಬ್ರಾಆಮ್', 'ಇಸಾಆಕ್' ತರಹದ, ವಿಭಕ್ತಿ ಹಿಡಿಯದ ಹೆಸರುಗಳನ್ನು ಏನೆಂದು ಕರೆಯೋಣ? ಲಿಂಗ, ವಚನ, ವಿಭಕ್ತಿಗಳಿಂದ ರೂಪ ಬದಲಾಗದ ಪದ ಅವ್ಯಯ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಆ ಲೆಕ್ಕಕ್ಕೆ ಇವೂ ಅವ್ಯಯ. ಆದರೆ ಅವ್ಯಯ ಅಂದಕೂಡಲೇ ಕನ್ನಡ ಓದುಗರ ತಲೆಗೆ ಬರುವುದು 'ಮತ್ತು', 'ಸುಮ್ಮನೆ', 'ಅಯ್ಯೋ'. ಅಬ್ರಹಾಮನನ್ನು ಆ ಸಾಲಿನಲ್ಲಿ ಕೂರಿಸಲು ಮನಸ್ಸು ಒಪ್ಪುತ್ತಿಲ್ಲ. ಇಲ್ಲಿ ವಿಭಕ್ತಿಯ ಅರ್ಥ ಇದ್ದೇ ಇದೆ, ಪ್ರತ್ಯಯ ಮಾತ್ರ ಕಾಣಿಸುವುದಿಲ್ಲ. ಲೂಕನ ಸುವಾರ್ತೆಯ ವಂಶಾವಳಿ ಪಟ್ಟಿಯಲ್ಲಂತೂ 70ಕ್ಕೂ ಜಾಸ್ತಿ ಹೆಸರು 'ತೂ... ತೂ...' ಎಂದು ಸಾಲಾಗಿ ಬರುತ್ತವೆ. ಆ 'ತೂ' ಅಂದರೆ ನಮ್ಮ ಷಷ್ಠಿಯ 'ಅ'.

'ಅವಿಭಕ್ತ' ಎಂದರೆ ಕೂಡು ಕುಟುಂಬ ನೆನಪಾಗುತ್ತದೆ. 'ವಿಭಕ್ತಿಹೀನ' ಎಂದರೆ ಏನೋ ಕೊರತೆ ಇದ್ದ ಹಾಗೆ. ಸದ್ಯಕ್ಕೆ 'ರೂಪ ಬದಲಿಸದ ಹೆಸರು' ಎಂದು ಬರೆದಿಟ್ಟಿದ್ದೇನೆ, ಆದರೆ ಪ್ರತಿ ಸಾಲಿನಲ್ಲೂ ಬಳಸಲು ಉದ್ದವಾಯಿತು ಅಲ್ವಾ? ಸಂಸ್ಕೃತ ಅಥವಾ ಹಳಗನ್ನಡ ವ್ಯಾಕರಣ ಓದಿದವರು ಇದಕ್ಕೊಂದು ಚಿಕ್ಕ ಪದ ತಿಳಿದಿದ್ದರೆ ದಯವಿಟ್ಟು ಹೇಳಿ.