ಅಪ್‌ಡೇಟ್: ನೆಟ್‌ವರ್ಕ್ ಇಲ್ಲದ ಕಡೆಯಿಂದ ರಜೆ ಅರ್ಜಿ

ದೂರದ ಶಾಲೆಗಳ ಶಿಕ್ಷಕರು ನೆಟ್‌ವರ್ಕ್ ಇಲ್ಲದಾಗ ಆನ್‌ಲೈನ್ ರಜೆ ಅರ್ಜಿ ಹಾಕುವುದು ಹೇಗೆ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ ಅರ್ಜಿಯನ್ನು ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಬಂದಾಗ ಕಳಿಸುವಂತೆ ಮಾಡಿದೆ. ಚೆನ್ನಾಗಿ ನಡೆಯುತ್ತಿದೆ, ಥ್ಯಾಂಕ್ಸ್!

ಜಾಸ್ತಿ ತಲೆ ತಿಂದಿದ್ದು ಡಬಲ್ ಅರ್ಜಿ. ಸರ್ವರ್‌ಗೆ ಅರ್ಜಿ ತಲುಪಿರುತ್ತದೆ, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಫೋನ್ ಸುಮ್ನಿರುತ್ತದಾ? ಮತ್ತೆ ಕಳಿಸುತ್ತದೆ. ಒಂದೇ ಜ್ವರಕ್ಕೆ ಎರಡು ಸಲ ರಜೆ ಕಟ್! ಈಗ ಪ್ರತಿ ಅರ್ಜಿಗೂ ಫೋನಿನಲ್ಲೇ ಒಂದು ಯುಯುಐಡಿ (ಬೇರೆ ಅರ್ಜಿಗೆ ಬಾರದ ವಿಶಿಷ್ಟ ಗುರುತು) ಹಾಕುತ್ತೇನೆ. ಅದೇ ಐಡಿ ಮತ್ತೆ ಬಂದರೆ ಸರ್ವರ್ ಹೊಸ ಅರ್ಜಿ ಸೇರಿಸದೆ ಹಳೆಯ ಉತ್ತರವನ್ನೇ ಕೊಡುತ್ತದೆ.

ಮಂಜೂರಾದ ಸುದ್ದಿ ಎಸ್‌ಎಂಎಸ್‌ನಲ್ಲಿ ಹೋಗುತ್ತದೆ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಅದರಲ್ಲೂ ಪ್ರತಿ ಸ್ವರಚಿಹ್ನೆಯೂ ಒಂದು ಅಕ್ಷರ ಅಂತ ಲೆಕ್ಕ. ಹಾಗಾಗಿ ‘ರಜೆ ಮಂಜೂರು, 12ರಿಂದ 14’ ಅಂತಷ್ಟೇ ಕಳಿಸುತ್ತಿದ್ದೇನೆ.