ಸಹಾಯ ಬೇಕು: ತಟ್ಟೆಯಲ್ಲಿ ಉಳಿದ ಊಟಕ್ಕೆ ದಂಡ ಹಾಕಿದ್ದಾರೆ

ನಮಸ್ಕಾರ. ಭಾನುವಾರ ಬೆಂಗಳೂರಿನ ಒಂದು ಬಫೆ ಹೋಟೆಲ್‌ಗೆ ಮನೆಯವರೆಲ್ಲ ಹೋಗಿದ್ದೆವು. ಅತ್ತೆಯವರಿಗೆ ಪನೀರ್ ಖಾರ ಜಾಸ್ತಿಯಾಗಿ ಎರಡು ತುಂಡು, ಸ್ವಲ್ಪ ಪಲಾವ್ ಉಳಿಯಿತು. ಬಿಲ್‌ನಲ್ಲಿ ‘ಫುಡ್ ವೇಸ್ಟೇಜ್’ ಅಂತ 200 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ! ಈ ನಿಯಮದ ಬೋರ್ಡ್ ಇರುವುದು ಕ್ಯಾಶ್ ಕೌಂಟರ್ ಹಿಂದಿನ ಗೋಡೆಯಲ್ಲಿ. ದುಡ್ಡು ಕೊಡಲು ಹೋದಾಗಲೇ ಕಾಣುವುದು.

ಅನ್ನ ಚೆಲ್ಲಬಾರದು, ಒಪ್ಪುತ್ತೇನೆ. ತಟ್ಟೆ ತುಂಬ ಹಾಕಿಕೊಂಡು ಬಿಟ್ಟು ಹೋಗುವವರನ್ನು ಕಂಡರೆ ನನಗೂ ಸಂಕಟವಾಗುತ್ತದೆ. ಆದರೆ ಮೊದಲೇ ಹೇಳಬೇಕು ಅಲ್ವಾ? ವಯಸ್ಸಾದವರ ಎದುರೇ ತಟ್ಟೆ ತೋರಿಸಿ ಮಾತಾಡಿದ್ದು ತುಂಬ ನೋವಾಯಿತು.

ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್‌ಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಈ ದಂಡಕ್ಕೂ ಅದು ಅನ್ವಯಿಸುತ್ತದಾ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಇಂಥ ದುಡ್ಡು ವಾಪಸ್ ಪಡೆದವರು ಯಾರಾದರೂ ಇದ್ದೀರಾ? ಬಿಲ್ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.