ಪದಚರ್ಚೆ: ‘ವಯಸ್ಸಿಗೆ ಬಂದವಳು’, ‘ವಯಸ್ಸಾದವಳು’ – ಇವರಿಬ್ಬರ ನಡುವಿನವಳನ್ನ ಏನನ್ನೋದು?

ಬಳಗದ ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಸೀರೆ ತಗೊಳ್ಳೋಕೆ ಮೈಸೂರಿನ ಒಂದು ಅಂಗಡಿಗೆ ಹೋಗಿದ್ದೆ. ನನಗೀಗ 47. ಗಿಣಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು ಇದ್ದ ಒಂದು ಸೀರೆ ಕಣ್ಣಿಗೆ ಬಿತ್ತು. ‘ಅದನ್ನ ತೆಗಿಯಪ್ಪ’ ಅಂದೆ. ಹುಡುಗ ಅದನ್ನು ಮುಟ್ಟಲೇ ಇಲ್ಲ. ‘ಅದು ಚಿಕ್ಕ ವಯಸ್ಸಿನವರಿಗೆ ಆಂಟಿ. ನಿಮ್ಮ ವಯಸ್ಸಿಗೆ ಇದು ಒಪ್ಪತ್ತೆ ನೋಡಿ, ಡೀಸೆಂಟಾಗಿರತ್ತೆ’ ಅಂತ ಬೂದು ಬಣ್ಣದ್ದೊಂದನ್ನು ಹರಡಿದ. ಪಕ್ಕದಲ್ಲಿ ನಮ್ಮಮ್ಮ ಕೂತಿದ್ದರು. ಅವರಿಗೆ 74. ‘ಅಜ್ಜಿ, ನಿಮಗೆ ವಯಸ್ಸಾಗಿದೆ, ಹಗುರ ಇರೋದು ತೋರಿಸ್ತೀನಿ’ ಅಂತ ಅವರ ಕಡೆ ತಿರುಗಿದ.

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಮನೆ ಸೇರುವ ಹೊತ್ತಿಗೆ ಸಿಟ್ಟು ಇಳಿದು, ಅವನು ಆಡಿದ ಮಾತುಗಳೇ ತಲೆ ತಿನ್ನೋಕೆ ಶುರುವಾದವು. ಅದಕ್ಕೇ ಈ ಓಲೆ.

ಮೊದಲು ‘ವಯಸ್ಸು’ ಅನ್ನೋದನ್ನೇ ನೋಡಿ. ‘ವಯಸ್ಸಿಗೆ ಬಂದ ಮಗಳಿದ್ದಾಳೆ’ ಅಂದರೆ ಹದಿನೆಂಟೋ ಇಪ್ಪತ್ತೋ. ‘ವಯಸ್ಸಾದ ತಾಯಿ ಇದ್ದಾರೆ’ ಅಂದರೆ ಎಪ್ಪತ್ತು. ಹೆಸರುಪದ ಒಂದೇ. ‘ಬರು’ ಹೋಗಿ ‘ಆಗು’ ಬಂದರೆ ಐವತ್ತು ವರ್ಷ ಕಳೆದುಹೋಗುತ್ತೆ! ಇನ್ನೊಂದು ವಿಚಿತ್ರ ಇದೆ. ‘ನನಗೆ 47 ವರ್ಷ ಆಯ್ತು’ ಅಂದರೆ ಬರೀ ಲೆಕ್ಕ. ‘ಮಗೂಗೆ ಎರಡು ವರ್ಷ ಆಯ್ತು’ ಅನ್ನೋದೂ ಹಾಗೇ. ಸಂಖ್ಯೆಯನ್ನು ತೆಗೆದು ‘ವಯಸ್ಸಾಯ್ತು’ ಅಂತ ಬಿಟ್ಟರೆ ಮುಪ್ಪು. ವಯಸ್ಸಿಗೆ ಬಂದು ಎಷ್ಟೋ ವರ್ಷವಾಗಿ, ಇನ್ನೂ ವಯಸ್ಸಾಗದೆ ಇರುವ ನನ್ನಂಥವರಿಗೆ ‘ವಯಸ್ಸು’ ಯಾವ ಕ್ರಿಯಾಪದವನ್ನೂ ಉಳಿಸಿಲ್ಲ.

‘ಪ್ರಾಯ’ದ ಕಥೆ ಇನ್ನೂ ಮಜವಾಗಿದೆ. ನಾನು ಹಾಸನದ ಕಡೆಯವಳು. ನಮ್ಮಲ್ಲಿ ಪ್ರಾಯ ಅಂದರೆ ಹರೆಯ. ‘ಪ್ರಾಯದ ಹುಡುಗ, ಸ್ವಲ್ಪ ಜೋರು’ ಅಂತೀವಿ. ನಮ್ಮ ಅತ್ತೆ ಪುತ್ತೂರಿನ ಕಡೆಯವರು. ಅಲ್ಲಿ ಪ್ರಾಯ ಅಂದರೆ ಬರೀ ವಯಸ್ಸು, ತುಳುವಿನಲ್ಲೂ ಮಲಯಾಳದಲ್ಲೂ ಇರುವ ಹಾಗೆ. ನಮ್ಮ ಮದುವೆಯ ಮಾತುಕತೆಯಲ್ಲಿ ಅತ್ತೆ ‘ನಮ್ಮ ಅಜ್ಜಿಗೆ ಪ್ರಾಯ ಆಯ್ತು, ಅವರು ಬರುವುದಿಲ್ಲ’ ಅಂದಾಗ ನಮ್ಮ ಚಿಕ್ಕಪ್ಪ ಕಾಫಿ ಲೋಟ ಹಿಡಿದುಕೊಂಡೇ ನಕ್ಕುಬಿಟ್ಟಿದ್ದರು. ಅತ್ತೆಗೆ ಯಾಕೆ ಅಂತ ಗೊತ್ತಾಗಲೇ ಇಲ್ಲ. ನೋಡಿ, ಇಲ್ಲೂ ಅದೇ. ಹಾಸನದ ಪ್ರಾಯ ಒಂದು ತುದಿ, ಪುತ್ತೂರಿನಲ್ಲಿ ‘ಆದ’ ಪ್ರಾಯ ಇನ್ನೊಂದು ತುದಿ. ನಡುವೆ ಘಟ್ಟ.

ಹಾಗಾದರೆ ‘ನಡುವಯಸ್ಸು’ ಇದೆಯಲ್ಲ ಅಂತೀರಿ. ಇದೆ. ಪತ್ರಿಕೆಯಲ್ಲಿದೆ, ಕಾದಂಬರಿಯಲ್ಲಿದೆ, ಪೊಲೀಸರ ವಿವರಣೆಯಲ್ಲಿ ‘ಮಧ್ಯವಯಸ್ಕ ವ್ಯಕ್ತಿ’ ಆಗಿಯೂ ಇದೆ. ಆದರೆ ಯಾರಾದರೂ ತಮ್ಮ ಬಗ್ಗೆ ತಾವೇ ‘ನಾನು ನಡುವಯಸ್ಸಿನವಳು’ ಅಂತ ಅಡುಗೆಮನೆಯಲ್ಲಿ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಅದು ಬೇರೆಯವರು ನಮ್ಮನ್ನು ಕರೆಯುವ ಪದ. ಅದರ ಮೇಲೆ ‘ನಡು’ ಅಂದರೆ ಸೊಂಟ ಕೂಡ ಅಲ್ವಾ? ಕವಿಗಳು ಹೊಗಳಿದ್ದು ಸಣ್ಣ ನಡುವನ್ನು. ನಡುವಯಸ್ಸು ಮೊದಲು ಕಾಣಿಸಿಕೊಳ್ಳುವುದೂ ಅಲ್ಲೇ. ಹೋದ ವರ್ಷದ ರವಿಕೆ ಈ ವರ್ಷ ಬಿಚ್ಚಿ ಹೊಲಿಸಬೇಕಾದಾಗ ಈ ಶ್ಲೇಷೆ ಚೆನ್ನಾಗಿ ಅರ್ಥವಾಗುತ್ತೆ.

‘ನಡು’ ಸೇರಿದ ಉಳಿದ ಪದಗಳನ್ನು ನೆನಪಿಸಿಕೊಳ್ಳಿ. ನಡುನೀರಿನಲ್ಲಿ ಕೈಬಿಡುತ್ತಾರೆ. ನಡುಬೀದಿಯಲ್ಲಿ ನಿಲ್ಲಿಸುತ್ತಾರೆ. ನಡುರಾತ್ರಿಯಲ್ಲಿ ಬಾಗಿಲು ಬಡಿದರೆ ಒಳ್ಳೆಯ ಸುದ್ದಿ ಇರಲ್ಲ. ಚೆನ್ನಾಗಿರುವುದು ಒಂದೇ, ನಡುಮನೆ. ಹಳೇ ತೊಟ್ಟಿಮನೆಯಲ್ಲಿ ಊಟ, ಹಸೆ, ತೊಟ್ಟಿಲು, ನೆಂಟರ ಹರಟೆ ಎಲ್ಲ ನಡೆಯುತ್ತಿದ್ದ ಜಾಗ ಅದು. ನಮ್ಮ ವಯಸ್ಸನ್ನು ನಡುಮನೆಯ ಸಾಲಿಗೆ ಸೇರಿಸಬೇಕೋ ನಡುನೀರಿನ ಸಾಲಿಗೋ ಅಂತ ದಿನಕ್ಕೊಂದು ಉತ್ತರ ಬರುತ್ತೆ. (ನಡು ಕನ್ನಡದ್ದು, ವಯಸ್ಸು ಸಂಸ್ಕೃತದ್ದು, ಹೀಗೆ ಎರಡು ಭಾಷೆಯ ಪದಗಳನ್ನು ಬೆಸೆಯೋದು ಅರಿಸಮಾಸ, ವ್ಯಾಕರಣಕ್ಕೆ ಒಪ್ಪದ ಸಮಾಸ ಅಂತ ಯಾರಾದರೂ ಬರೆದೇ ಬರೆಯುತ್ತೀರಿ, ಗೊತ್ತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನ ಜೊತೆ ಆ ಜಗಳ ಇನ್ನೊಂದು ದಿನ ಆಡೋಣ.)

‘ಪ್ರೌಢ’ ಬಳಸಬಹುದಿತ್ತು. ಅದನ್ನು ನಾವು ಪ್ರೌಢಶಾಲೆಗೆ ಕೊಟ್ಟುಬಿಟ್ಟಿದ್ದೇವೆ. ಅಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಓದುತ್ತಾರೆ. ಹದಿನಾಲ್ಕಕ್ಕೇ ಪ್ರೌಢರಾದ ಮೇಲೆ 47ಕ್ಕೆ ಏನು ಉಳೀತು?

ಗಾದೆಗಳಲ್ಲಾದರೂ ಸಿಗುತ್ತೇನೋ ಅಂತ ಹುಡುಕಿದೆ. ‘ಇಪ್ಪತ್ತಕ್ಕೆ ಯಜಮಾನಿಕೆ ಬರಬಾರದು, ಎಪ್ಪತ್ತಕ್ಕೆ ಬಡತನ ಬರಬಾರದು.’ ‘ಅರವತ್ತಕ್ಕೆ ಅರಳುಮರಳು.’ ಇಪ್ಪತ್ತು, ಅರವತ್ತು, ಎಪ್ಪತ್ತು ಎಲ್ಲ ಇವೆ. ನಲವತ್ತು, ಐವತ್ತು ಮಾತ್ರ ರಜಾ ಹಾಕಿವೆ. ಆಮೇಲೆ ಅಮ್ಮನ ಬಾಯಲ್ಲೇ ಒಂದು ಪದ ಸಿಕ್ಕಿತು. ನಾನು ಅಕ್ಕಿ ಆರಿಸುವಾಗ ತಟ್ಟೆಯನ್ನು ದೂರ ಹಿಡಿದಿದ್ದು ನೋಡಿ, ‘ನಿಂಗೂ ಚಾಳೀಸು ಬಂತೇನೇ’ ಅಂದರು. ಚಾಳೀಸು ಅಂದರೆ ಹತ್ತಿರದ್ದು ಕಾಣದಿರುವುದು, ಅದಕ್ಕೆ ಹಾಕುವ ಕನ್ನಡಕವೂ ಅದೇ. ಮರಾಠಿಯ ‘ಚಾಳಿಶಿ’ಯ ನೆಂಟು. ಅಲ್ಲಿ ಆ ಪದಕ್ಕೆ ನಲವತ್ತರ ವಯಸ್ಸು ಅಂತಲೂ ಅರ್ಥ, ಕನ್ನಡಕ ಅಂತಲೂ ಅರ್ಥ. ನಾವು ಅದನ್ನು ತಂದುಕೊಳ್ಳುವಾಗ ವಯಸ್ಸನ್ನು ಅಲ್ಲೇ ಬಿಟ್ಟು ಕನ್ನಡಕ ಮಾತ್ರ ತಂದೆವು! ಆದರೂ ನನಗೆ ಈ ಪದದ ಮೇಲೆ ಪ್ರೀತಿ. ಇಷ್ಟು ಹುಡುಕಿದ ಮೇಲೆ, ಬರೀ ನಲವತ್ತರ ಆಸುಪಾಸಿನವರಿಗಾಗಿಯೇ ಇರುವ ಆಡುಮಾತು ನನಗೆ ಸಿಕ್ಕಿದ್ದು ಇದೊಂದೇ. ಇದಕ್ಕೆ ‘ಬಂತು’ ಅಂತಲೇ ಹೇಳುತ್ತೇವೆ, ‘ಆಯ್ತು’ ಅಲ್ಲ.

ಇನ್ನು ಅಂಗಡಿ ಹುಡುಗನ ‘ಒಪ್ಪತ್ತೆ’ಗೆ ಬರುತ್ತೇನೆ. ನನ್ನ ನಿಜವಾದ ಪ್ರಶ್ನೆ ಇರುವುದು ಇಲ್ಲೇ.

‘ಒಪ್ಪು’ ಅಂದರೆ ಸಮ್ಮತಿಸುವುದು. ‘ಒಪ್ಪು’ ಅಂದರೆ ಚೆನ್ನಾಗಿ ಕಾಣುವುದು, ಶೋಭಿಸುವುದು. ಹಳಗನ್ನಡದಲ್ಲಿ ಎರಡನೆಯದೇ ಜಾಸ್ತಿ ಕಣ್ಣಿಗೆ ಬೀಳುತ್ತೆ. ರಾಜ ಸಭೆಯಲ್ಲಿ ಒಪ್ಪುತ್ತಾನೆ, ಚಂದ್ರ ಬಾನಿನಲ್ಲಿ ಒಪ್ಪುತ್ತಾನೆ. ಅಲ್ಲಿ ಯಾರ ಸಹಿಯೂ ಬೇಕಿಲ್ಲ, ಸುಮ್ನೆ ಬೆಳಗುತ್ತಾರೆ ಅಷ್ಟೇ. ‘ಒಪ್ಪ ಓರಣ’ದಲ್ಲಿ ಆ ಹೊಳಪು ಇನ್ನೂ ಉಳಿದಿದೆ. ಒಡವೆಗೆ ಒಪ್ಪ ಹಾಕುತ್ತೇವೆ. ಆದರೆ ಇವತ್ತು ‘ಈ ಬಣ್ಣ ನಿಮಗೆ ಒಪ್ಪಲ್ಲ’ ಅಂದಾಗ ನನಗೆ ಎರಡು ಅರ್ಥವೂ ಒಟ್ಟಿಗೆ ಕೇಳಿಸುತ್ತವೆ. ಚೆನ್ನಾಗಿ ಕಾಣಲ್ಲ ಅನ್ನೋದು ಒಂದು. ನೋಡುವವರು ಒಪ್ಪಿಗೆ ಕೊಡಲ್ಲ ಅನ್ನೋದು ಇನ್ನೊಂದು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ಗಾದೆಯೇ ಇದೆಯಲ್ಲ.

ಆ ಹುಡುಗನ ವಾಕ್ಯವನ್ನು ಬಿಡಿಸಿ ನೋಡಿ. ‘ನಿಮ್ಮ ವಯಸ್ಸಿಗೆ ಒಪ್ಪತ್ತೆ.’ ಅಮ್ಮ ಆಮೇಲೆ ಅದೇ ಗಿಣಿಹಸಿರನ್ನು ತಾವೇ ಎಳೆದು ನನ್ನ ಹೆಗಲ ಮೇಲೆ ಹಾಕಿ ಹೇಳಿದ್ದು, ‘ನಿಂಗೆ ಒಪ್ಪತ್ತೆ ಕಣೆ.’ ಕ್ರಿಯಾಪದ ಒಂದೇ. ‘ಗೆ’ ಎಲ್ಲಿ ಸೇರಿದೆ ಅನ್ನೋದರಲ್ಲಿ ವ್ಯತ್ಯಾಸ. ಅವನು ಸೀರೆಯನ್ನು ನನ್ನ ವಯಸ್ಸಿಗೆ ಉಡಿಸಿದ, ಅಮ್ಮ ನನಗೆ ಉಡಿಸಿದರು. ತಗೊಂಡೆ.

‘ವಯಸ್ಸಿಗೆ ತಕ್ಕ ಹಾಗೆ’ ಅನ್ನೋದನ್ನೂ ಗಮನಿಸಿ. ಇದನ್ನು ಹೊಗಳಿಕೆಯಾಗಿ ಯಾರೂ ಬಳಸಲ್ಲ. ‘ವಯಸ್ಸಿಗೆ ತಕ್ಕ ಹಾಗಿರು’ ಅಂತ ಬೈಯೋಕೆ ಮಾತ್ರ. ಹೊಗಳಬೇಕಾದರೆ ‘ನಿಮಗೆ ವಯಸ್ಸಾಗಿರೋದೇ ಗೊತ್ತಾಗಲ್ಲ’ ಅನ್ನುತ್ತಾರೆ. ಅಂದರೆ ವಯಸ್ಸನ್ನು ಮರೆತರೆ ಬೈಗುಳ, ಮರೆಸಿದರೆ ಹೊಗಳಿಕೆ. ವಯಸ್ಸನ್ನು ಇಟ್ಟುಕೊಂಡೇ ಚೆನ್ನಾಗಿ ಕಾಣುವುದಕ್ಕೆ ಮಾತಿಲ್ಲವಾ? ಅಮ್ಮ ‘ಲಕ್ಷಣವಾಗಿ’ ಅನ್ನುತ್ತಾರೆ. ‘ಲಕ್ಷಣವಾಗಿ ಒಂದು ಸೀರೆ ಉಟ್ಕೊಂಡು ಬಾ.’ ಒಳ್ಳೆಯ ಪದ, ಯಾವ ವಯಸ್ಸಿನವರಿಗೂ ಆಗುತ್ತೆ. ಆದರೆ ಅದರಲ್ಲಿ ಬೊಟ್ಟು, ಹೂವು, ಬಳೆ ಎಲ್ಲ ಸೇರಿಕೊಂಡಿವೆ, ಬರೀ ಬಟ್ಟೆಯಲ್ಲ. ‘ಅಚ್ಚುಕಟ್ಟು’ ಅಂದರೆ ನನಗೆ ಕೆರೆಯ ಕೆಳಗಿನ ಗದ್ದೆ ನೆನಪಾಗುತ್ತೆ. ‘ಠಾಕುಠೀಕು’ ನಮ್ಮ ಕಡೆ ಗಂಡಸರಿಗೇ ಮೀಸಲು. ಅಂಗಡಿಗಳಲ್ಲಿ ‘ಡೀಸೆಂಟ್’ ಅಂದರೆ ಮಾಸಲು ಬಣ್ಣ, ಜರಿ ಕಡಿಮೆ ಅಂತ ಅರ್ಥ. ಇದು ಮೂವತ್ತು ವರ್ಷ ಸೀರೆ ಕೊಂಡ ನನ್ನ ಅನುಭವ.

ಗಂಡಸರಿಗೆ ಇದೆಲ್ಲ ಸ್ವಲ್ಪ ಸಲೀಸು ಅನ್ನಿಸುತ್ತೆ. ನಲವತ್ತು ದಾಟಿದವನು ಪಂಚೆ ಉಟ್ಟು ಶಲ್ಯ ಹಾಕಿಕೊಂಡರೆ ‘ಯಜಮಾನ್ರೇ’ ಅನ್ನುತ್ತಾರೆ. ಅದು ಆಂಟಿಗಿಂತ ಎಷ್ಟೋ ವಾಸಿ. ಧಾರವಾಡದ ಕಡೆ ನನ್ನ ವಯಸ್ಸಿನವರನ್ನು ‘ವೈನಿ’ (ಅತ್ತಿಗೆ) ಅನ್ನುವುದು ಕೇಳಿದ್ದೇನೆ, ಅದೂ ಚೆನ್ನಾಗಿದೆ. ಅರ್ಧ ಬೆಳ್ಳಗಾದ ತನ್ನ ಕೂದಲಿಗೆ ನಮ್ಮ ತಮ್ಮ ‘ಎಳ್ಳು ಅಕ್ಕಿ’ ಅಂತ ಹೆಸರಿಟ್ಟ. ಬೇಡ ಮಾರಾಯ, ತಿಥಿ ನೆನಪಾಗುತ್ತೆ ಅಂದೆ.

ಉಡು, ತೊಡು ಬಗ್ಗೆ ಒಂದು ಮಾತು. ಸೀರೆ, ಪಂಚೆ ಉಡುವುದು. ಅಂಗಿ, ಬಳೆ ತೊಡುವುದು. ಹೂವು ಮುಡಿಯುವುದು, ಶಾಲು ಹೊದೆಯುವುದು. ಅಮ್ಮ ಇವತ್ತಿಗೂ ಇವುಗಳನ್ನು ಕಲಸಲ್ಲ. ನನ್ನ ಮಗಳಿಗೆ ಎಲ್ಲವೂ ‘ಹಾಕ್ಕೊಳ್ಳೋದು’. ‘ಅಮ್ಮಾ, ಮದುವೆಗೆ ಯಾವ ಸೀರೆ ಹಾಕ್ಕೊಳ್ತೀಯಾ?’ ಅಂತಾಳೆ. ನಾನು ಅಮ್ಮನ ಹತ್ತಿರ ‘ಉಟ್ಕೊಂಡೆ’ ಅಂತೀನಿ, ಮಗಳ ಹತ್ತಿರ ‘ಹಾಕ್ಕೊಂಡೆ’ ಅಂತೀನಿ. ಬೇಕಂತ ಅಲ್ಲ, ತಾನಾಗಿ ಬರುತ್ತೆ. ನಡುವಯಸ್ಸಿಗೆ ಇದಕ್ಕಿಂತ ಒಳ್ಳೆಯ ಗುರುತು ನನಗಿನ್ನೂ ಸಿಕ್ಕಿಲ್ಲ.

ಕೊನೆಗೆ ಒಂದು ಪದ ಮುಂದಿಡುತ್ತೇನೆ, ಬೈಯಬೇಡಿ. ಹದಿಮೂರರಿಂದ ಹತ್ತೊಂಬತ್ತಕ್ಕೆ ‘ಹದಿಹರೆಯ’ ಇದೆ. ನಮಗೆ ‘ಹದವಯಸ್ಸು’ ಅಂದರೆ ಹೇಗೆ? ಉಪ್ಪು ಹುಳಿ ಹದವಾಗಿದೆ ಅಂತೀವಿ. ಮಳೆ ಬಂದು ಭೂಮಿ ಹದವಾಗಿದೆ ಅಂತೀವಿ. ‘ಹದಕ್ಕೆ ಬಂದಿದೆ’ ಅನ್ನೋ ಮಾತೂ ಇದೆ. ಹಾಗಾದರೆ ವಯಸ್ಸಿಗೆ ಬಂದವಳು, ಹದಕ್ಕೆ ಬಂದವಳು, ವಯಸ್ಸಾದವಳು, ಮೂರೂ ಸಾಲಾಗಿ ನಿಲ್ಲುತ್ತವೆ. ‘ಹದವಾಗಿ ಉಡ್ತಾಳೆ’ ಅಂದರೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಅಂತ ತಿಳಿಯುತ್ತೆ.

ಅಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ‘ಪಾಕದ ಹದ ಎರಡು ನಿಮಿಷ ಇರತ್ತೆ. ಆಚೆ ಈಚೆ ನೋಡಿದ್ರೆ ಮೈಸೂರು ಪಾಕು ಕಲ್ಲಾಗತ್ತೆ. ನೀನು ಇಪ್ಪತ್ತು ವರ್ಷಕ್ಕೆ ಆ ಹೆಸರು ಇಡ್ತೀಯಲ್ಲ!’

ನಿಮ್ಮೂರಿನಲ್ಲಿ, ನಿಮ್ಮ ಮನೆ ಮಾತಿನಲ್ಲಿ ಏನನ್ನುತ್ತಾರೆ? ಕಲಬುರಗಿ, ಬೀದರ್, ಕಾರವಾರದ ಕಡೆಯವರು ದಯವಿಟ್ಟು ಬರೆಯಿರಿ. ‘ಚಾಳೀಸು’ ಎಲ್ಲೆಲ್ಲಿ ಇನ್ನೂ ಬಳಕೆಯಲ್ಲಿದೆ ಅನ್ನೋದನ್ನೂ ತಿಳಿಸಿ. ಹಾಗೇ, ಅಂಗಡಿಯವರು ನಿಮಗೆ ‘ಆಂಟಿ’, ‘ಅಂಕಲ್’ ಅನ್ನೋಕೆ ಶುರು ಮಾಡುವ ಮೊದಲು ಏನಂತ ಕರೆಯುತ್ತಿದ್ದರು, ನೆನಪಿದೆಯಾ?